ನಾಯಿಗೆ ಹೆರಿಗೆ ಕಷ್ಟವಾದರೆ: ತುಮಕೂರಿನಿಂದ ನಾಲ್ಕು ದಾರಿ, ನಾಲ್ಕು ಖರ್ಚು

ತುಮಕೂರಿನಲ್ಲಿ ನಾಯಿ ಸಾಕಿ ಮರಿ ಮಾಡಿಸುವವರು ಮೊದಲು ವಿಚಾರಿಸುವುದು ಒಳ್ಳೆ ಗಂಡು ಎಲ್ಲಿ ಸಿಗುತ್ತೆ, ಕ್ರಾಸಿಂಗ್‌ಗೆ ಎಷ್ಟು ತಗೋತಾರೆ ಅಂತ. ಹೆರಿಗೆ ಕಷ್ಟವಾದರೆ ಎಲ್ಲಿಗೆ ಒಯ್ಯಬೇಕು, ಕೈಯಲ್ಲಿ ಎಷ್ಟು ದುಡ್ಡಿರಬೇಕು ಅಂತ ಕೇಳುವವರು ಕಡಿಮೆ. ಆ ಪ್ರಶ್ನೆ ನನಗೆ ಬರುವುದು ನಡುರಾತ್ರಿ, ಫೋನಿನಲ್ಲಿ, ಗಾಬರಿಯಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಪಗ್‌ಗಳಿವೆ, ಮುಧೋಳ ನಾಯಿಗಳೂ ಇವೆ. ಊರಿನ ಸರ್ಕಾರಿ ಪಶು ಆಸ್ಪತ್ರೆ, ಊರಿನ ಖಾಸಗಿ ಕ್ಲಿನಿಕ್, ಬೆಂಗಳೂರಿನ 24 ಗಂಟೆ ಆಸ್ಪತ್ರೆ, ಬೆಂಗಳೂರಿನದೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಈ ನಾಲ್ಕೂ ಕಡೆ ನಾಯಿ ಎತ್ತಿಕೊಂಡು ಹೋಗಿದ್ದೇನೆ. ಕೆಳಗಿನ ದುಡ್ಡಿನ ಲೆಕ್ಕ ನನ್ನ ಕೈಯಿಂದ ಹೋದದ್ದು. ನಿಮಗೆ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು.

ಮೊದಲು ತಳಿಯ ಮಾತು. ಮುಧೋಳ ನಾಯಿ ಉದ್ದ ಮೂತಿಯ, ತೆಳ್ಳಗಿನ ಬೇಟೆ ನಾಯಿ. ನಮ್ಮಲ್ಲಿ ಅವು ಬೆಳಗಿನ ಜಾವ ತಮ್ಮಷ್ಟಕ್ಕೆ ಮರಿ ಹಾಕಿ, ಮಾಸು ತಿಂದು, ಮರಿಗಳನ್ನು ನೆಕ್ಕಿ ಒಣಗಿಸಿ ಮಲಗಿರುತ್ತವೆ. ಪಗ್, ಫ್ರೆಂಚ್ ಬುಲ್‌ಡಾಗ್ ಹಾಗಲ್ಲ. ಮರಿಯ ತಲೆ ದಪ್ಪ, ತಾಯಿಯ ಸೊಂಟದ ದಾರಿ ಕಿರಿದು, ಜೊತೆಗೆ ಚಪ್ಪಟೆ ಮೂಗಿನಿಂದಾಗಿ ತಾಯಿಗೆ ತಿಣುಕುವಾಗ ಉಸಿರೂ ಸಾಲದು. ಚಪ್ಪಟೆ ಮೂತಿಯ ನಾಯಿಗೆ ಕ್ರಾಸಿಂಗ್ ಮಾಡಿಸುವವರು ಸಿಸೇರಿಯನ್ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಅಷ್ಟು ದುಡ್ಡು ಪಕ್ಕಕ್ಕೆ ಇಡಲು ಆಗದಿದ್ದರೆ ಆ ಸಲ ಕ್ರಾಸಿಂಗ್ ಬೇಡ. ಇದನ್ನು ನಾನು ಯಾರ ಮುಖ ನೋಡಿಯೂ ಮೆತ್ತಗೆ ಹೇಳುವುದಿಲ್ಲ.

ಇನ್ನು ಹೊತ್ತಿನ ಲೆಕ್ಕ. ನಾಯಿಯ ಗಬ್ಬದ ಅವಧಿ ಸುಮಾರು 63 ದಿನ. ಕೊನೆಯ ವಾರ ದಿನಕ್ಕೆರಡು ಸಲ ಜ್ವರ ನೋಡುವ ಕಡ್ಡಿಯಿಂದ ಮೈಬಿಸಿ ನೋಡುತ್ತಾ ಬನ್ನಿ. 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಜೋರಾಗಿ ತಿಣುಕಲು ಶುರು ಮಾಡಿ ಅರ್ಧ ಗಂಟೆಯಾದರೂ ಮರಿ ಬರಲಿಲ್ಲ ಅಂದರೆ, ಒಳಗೆ ಮರಿ ಉಳಿದಿದ್ದೂ ಎರಡು ಗಂಟೆ ಏನೂ ಬರಲಿಲ್ಲ ಅಂದರೆ, ಅಥವಾ ಮೊದಲ ಮರಿಗೂ ಮುಂಚೆ ಹಸಿರು ನೀರು ಬಂತು ಅಂದರೆ ಕಾಯಬಾರದು. ಹಸಿರು ನೀರು ಅಂದರೆ ಮಾಸು ಗರ್ಭಕೋಶದಿಂದ ಬಿಡಲು ಶುರುವಾಗಿದೆ, ಮರಿಗೆ ಗಾಳಿ ಕಡಿಮೆಯಾಗುತ್ತಿದೆ ಅಂತ ಅರ್ಥ. ಆಸ್ಪತ್ರೆ ಯಾವುದು ಅನ್ನೋದು ಆಮೇಲಿನ ಮಾತು. ಹೊರಡುವುದು ತಡವಾದರೆ ಎಲ್ಲ ಕಡೆಯೂ ಖರ್ಚು ಜಾಸ್ತಿ, ಮರಿಗಳು ಉಳಿಯುವುದು ಕಡಿಮೆ.

ಸರ್ಕಾರಿ ಪಶು ಆಸ್ಪತ್ರೆಯಲ್ಲಿ, ನಮ್ಮ ಕಡೆಯವರು ದನದ ಆಸ್ಪತ್ರೆ ಅಂತಾರಲ್ಲ, ಅಲ್ಲಿ ಚೀಟಿಗೆ ಕೆಲವೇ ರೂಪಾಯಿ. ಹೊರಗೆ ಬರೆದುಕೊಡುವ ಔಷಧಿ ಸೇರಿಸಿದರೂ ನನಗೆ ಸಾವಿರ ದಾಟಿಲ್ಲ. ಲಸಿಕೆ, ಹುಳದ ಔಷಧಿ, ಗಾಯ, ಹಗಲಿನ ಡ್ರಿಪ್ ಇದಕ್ಕೆಲ್ಲ ನಾನು ಇವತ್ತಿಗೂ ಅಲ್ಲಿಗೇ ಹೋಗುತ್ತೇನೆ. ಡಾಕ್ಟರು ಅನುಭವಸ್ಥರು. ಆದರೆ ರಾತ್ರಿ ನಾಯಿಗೆ ಅನಸ್ತೇಸಿಯಾ ಕೊಟ್ಟು ಹೊಟ್ಟೆ ಕೊಯ್ಯುವ ವ್ಯವಸ್ಥೆ ಅಲ್ಲಿ ನನಗೆ ಸಿಗಲಿಲ್ಲ. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಆಂಬುಲೆನ್ಸ್ ಹಸು, ಕುರಿ ಸಾಕುವವರಿಗೆ ದೊಡ್ಡ ಆಸರೆ. ನಾಯಿಯ ಸಿಸೇರಿಯನ್‌ಗೆ ಮಾತ್ರ ಅದನ್ನು ನೆಚ್ಚಿಕೊಂಡು ಮನೆಯಲ್ಲಿ ಕೂರಬೇಡಿ.

ಊರಿನ ಖಾಸಗಿ ಕ್ಲಿನಿಕ್‌ನಲ್ಲಿ ಹಗಲು ಹೊತ್ತು ಪಗ್‌ನ ಸಿಸೇರಿಯನ್‌ಗೆ ಔಷಧಿ, ಡ್ರಿಪ್ ಎಲ್ಲ ಸೇರಿ 12 ಸಾವಿರದ ಆಸುಪಾಸು ಕೊಟ್ಟಿದ್ದೇನೆ. ರಾತ್ರಿಯಾದರೆ ಇನ್ನೆರಡು ಮೂರು ಸಾವಿರ ಮೇಲೆ. ನಿಮ್ಮ ನಾಯಿಯನ್ನು ಗಬ್ಬದ ದಿನಗಳಿಂದ ನೋಡಿರುವ ಡಾಕ್ಟರಾದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹತ್ತು ನಿಮಿಷದ ದೂರ, ಗುರುತಿನ ಮುಖ. ಸಮಸ್ಯೆ ಒಂದೇ, ಆ ಹೊತ್ತಿಗೆ ಡಾಕ್ಟರು ಊರಲ್ಲಿರಬೇಕು, ಫೋನ್ ಎತ್ತಬೇಕು, ಜೊತೆಗೆ ಸಹಾಯಕ್ಕೆ ಇನ್ನೊಬ್ಬರು ಸಿಗಬೇಕು. ಸಿಸೇರಿಯನ್ ಒಬ್ಬರ ಕೆಲಸ ಅಲ್ಲ. ಒಬ್ಬರು ಹೊಲಿಗೆ ಹಾಕುತ್ತಿದ್ದರೆ ಇನ್ನೊಬ್ಬರು ಮರಿಗಳ ಮೂಗಿನ ಲೋಳೆ ತೆಗೆದು ಬಟ್ಟೆಯಲ್ಲಿ ಉಜ್ಜುತ್ತಿರಬೇಕು.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಡಾಕ್ಟರು ಸಿಗದಿದ್ದಾಗ ಯಾರೋ ಒಬ್ಬರು ‘ನೋವು ಬರೋ ಇಂಜೆಕ್ಷನ್ ಹಾಕ್ಸಿ, ನೂರು ರೂಪಾಯಲ್ಲಿ ಮುಗಿಯುತ್ತೆ’ ಅನ್ನುತ್ತಾರೆ. ಅದು ಆಕ್ಸಿಟೋಸಿನ್. ಮರಿ ಅಡ್ಡಲಾಗಿ ಸಿಕ್ಕಿಕೊಂಡಿದ್ದಾಗ ಅದನ್ನು ಹಾಕಿದರೆ ಗರ್ಭಕೋಶ ಮುಚ್ಚಿದ ದಾರಿಯ ಮೇಲೇ ಒತ್ತುತ್ತದೆ, ಹರಿದೂ ಹೋಗಬಹುದು. ಗರ್ಭಕೋಶದ ಬಾಯಿ ತೆರೆದಿದೆಯಾ, ಮರಿ ಸರಿಯಾಗಿದೆಯಾ ಅಂತ ಡಾಕ್ಟರು ಕೈಯಿಟ್ಟು, ಎಕ್ಸ್‌ರೇ ನೋಡಿ ತೀರ್ಮಾನಿಸಬೇಕಾದ ಔಷಧಿ ಅದು. ಖರ್ಚು ಉಳಿಸುವ ದಾರಿಗಳಲ್ಲಿ ಇದನ್ನು ಎಂದೂ ಎಣಿಸಬೇಡಿ.

ಬೆಂಗಳೂರಿನ 24 ಗಂಟೆ ಖಾಸಗಿ ಆಸ್ಪತ್ರೆಯ ಖರ್ಚು ಕೇಳಿದರೆ ಎದೆ ಧಸಕ್ ಅನ್ನುತ್ತೆ. ಒಳಗೆ ಹೋಗುತ್ತಿದ್ದಂತೆ ತುರ್ತು ಕನ್ಸಲ್ಟೇಷನ್, ಆಮೇಲೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಕ್ಸ್‌ರೇ. ಆಪರೇಷನ್‌ಗೆ ಮೊದಲೇ 20 ಸಾವಿರ ಕಟ್ಟಿ ಅಂದರು. ಬೆಳಗಾಗಿ ಲೆಕ್ಕ ಮುಗಿಯುವಾಗ 48 ಸಾವಿರ, ಕಾರಿನ ಖರ್ಚು ಬೇರೆ. ಆದರೂ ಆ ದುಡ್ಡು ಎಲ್ಲಿಗೆ ಹೋಯಿತು ಅನ್ನೋದು ಅಲ್ಲಿ ಕಣ್ಣಿಗೆ ಕಂಡಿತು. ಡಾಕ್ಟರಮ್ಮ ಹೊಟ್ಟೆಯ ಕೂದಲು ಬೋಳಿಸಿ, ಜೆಲ್ ಹಚ್ಚಿ, ಸ್ಕ್ಯಾನಿಂಗ್ ಪರದೆಯಲ್ಲಿ ಒಂದೊಂದೇ ಮರಿಯ ಎದೆಬಡಿತ ಅಳೆದರು. ಹೊಟ್ಟೆಯಲ್ಲಿರುವ ಮರಿಯ ಬಡಿತ ನಿಮಿಷಕ್ಕೆ 200ರ ಮೇಲಿದ್ದರೆ ಚೆನ್ನಾಗಿದೆ, 180ಕ್ಕಿಂತ ಇಳಿದರೆ ಮರಿ ತೊಂದರೆಯಲ್ಲಿದೆ. ಒಂದು ಮರಿಯದು 150ಕ್ಕೆ ಬಂದಿತ್ತು. ‘ಇನ್ನು ಕಾಯೋದು ಬೇಡ, ಸಹಿ ಹಾಕಿ’ ಅಂದರು. ಆ ಮರಿ ಉಳಿಯಿತು. ಚಪ್ಪಟೆ ಮೂತಿಯ ನಾಯಿಗೆ ಅನಸ್ತೇಸಿಯಾ ಕೊಟ್ಟಾಗ ಗಂಟಲಿಗೆ ಕೊಳವೆ ಇಳಿಸಿ ಆಮ್ಲಜನಕ ಕೊಡುತ್ತಾರೆ, ಎಚ್ಚರವಾಗಿ ತಾನೇ ಉಸಿರಾಡುವವರೆಗೂ ಆ ಕೊಳವೆ ತೆಗೆಯುವುದಿಲ್ಲ. ಆ ಕಾವಲಿಗೆ ಬೆಲೆ ಇದ್ದೇ ಇದೆ.

ದೂರವನ್ನೂ ಎಣಿಸಬೇಕು. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ರಾತ್ರಿ ಕ್ಯಾತ್ಸಂದ್ರ, ದಾಬಸ್‌ಪೇಟೆ, ನೆಲಮಂಗಲ ಬೇಗ ದಾಟುತ್ತವೆ. ಬೆಳಿಗ್ಗೆ ಎಂಟರ ಮೇಲೆ ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಕೊಂಡರೆ ನಾಯಿಯ ಪಾಡು ಹೇಳತೀರದು. ರಾತ್ರಿ ಮೂರಕ್ಕೆ ಕಷ್ಟ ಶುರುವಾದರೆ ‘ಬೆಳಗಾಗಲಿ ನೋಡೋಣ’ ಅನ್ನುವುದಕ್ಕಿಂತ ಆಗಲೇ ಹೊರಡುವುದು ವಾಸಿ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ನಾನು ಹೋಗಿದ್ದೆಲ್ಲ ಹಗಲಲ್ಲೇ. ಅಲ್ಲಿ ಆಪರೇಷನ್, ಔಷಧಿ, ಹೊಲಿಗೆಯ ದಾರ, ಡ್ರಿಪ್ ಎಲ್ಲ ಸೇರಿ ಆರು ಸಾವಿರದೊಳಗೆ ಮುಗಿಯಿತು. ಹೆರಿಗೆ ವಿಷಯವನ್ನೇ ಓದಿದ ಪ್ರಾಧ್ಯಾಪಕರು, ಅವರ ಸುತ್ತ ಕಲಿಯುವ ಮಕ್ಕಳು. ಮಕ್ಕಳಿಗೆ ವಿವರಿಸುತ್ತಾ ಹೋಗುವಾಗ ಪಕ್ಕದಲ್ಲಿ ನಿಂತ ನನಗೂ ಎಷ್ಟೋ ತಿಳಿಯಿತು. ಸಾಲು ಉದ್ದ, ಚೀಟಿ ಮಾಡಿಸಿ, ಔಷಧಿ ತಂದು, ನಾಯಿ ಹಿಡಿದುಕೊಳ್ಳಲು ಜೊತೆಗೆ ಇನ್ನೊಬ್ಬರು ಬೇಕೇ ಬೇಕು. ದುಡ್ಡಿಗೆ ಸಿಗುವ ಚಿಕಿತ್ಸೆ ನೋಡಿದರೆ ನಾಲ್ಕರಲ್ಲಿ ಇದೇ ಮೇಲು. ಆದರೆ ತಿಣುಕುತ್ತಿರುವ ನಾಯಿಯನ್ನು ಅಷ್ಟು ದೂರ ಒಯ್ದು ಸಾಲಿನಲ್ಲಿ ನಿಲ್ಲಲು ನನಗೆ ಧೈರ್ಯ ಸಾಲದು.

ಹಾಗಾಗಿ ಪಗ್‌ಗಳಿಗೆ ಈಗ ನಾನು ತುರ್ತಿನ ತನಕ ಹೋಗುವುದೇ ಇಲ್ಲ. 55ನೇ ದಿನ ಕಳೆದ ಮೇಲೆ ಒಂದು ಎಕ್ಸ್‌ರೇ ತೆಗೆಸುತ್ತೇನೆ. ಆಗ ಮರಿಗಳ ಮೂಳೆ ಚೆನ್ನಾಗಿ ಕಾಣುತ್ತೆ, ಎಷ್ಟಿವೆ, ತಲೆ ಎಷ್ಟು ದಪ್ಪ ಅಂತ ತಿಳಿಯುತ್ತೆ. ದಿನ ಹತ್ತಿರ ಬಂದಾಗ ಪ್ರೊಜೆಸ್ಟರಾನ್ ಅಂದರೆ ಗಬ್ಬ ಉಳಿಸುವ ಹಾರ್ಮೋನಿನ ರಕ್ತ ಪರೀಕ್ಷೆ. ಅದು ಒಂದು ಮಿಲಿಲೀಟರಿಗೆ 2 ನ್ಯಾನೋಗ್ರಾಂಗಿಂತ ಇಳಿದರೆ ಮರಿಗಳು ಹೊರಬರಲು ತಯಾರು. ಆ ಹಗಲೇ ಊರಿನ ಡಾಕ್ಟರ ಹತ್ತಿರ ಆಪರೇಷನ್. ಪರೀಕ್ಷೆಗಳ ಖರ್ಚು ಸೇರಿಸಿದರೂ ಬೆಂಗಳೂರಿನ ಆ ಒಂದು ರಾತ್ರಿಯ ಮೂರನೇ ಒಂದು ಪಾಲಿನ ಹತ್ತಿರ ಬರುತ್ತೆ. ಬರೀ ದಿನ ಎಣಿಸಿ ಆಪರೇಷನ್ ಮಾಡಿಸಲು ಹೋಗಬೇಡಿ. ಎರಡು ದಿನ ಮುಂಚೆಯಾದರೂ ಮರಿಗಳ ಶ್ವಾಸಕೋಶ ಬಲಿತಿರುವುದಿಲ್ಲ.

ಹೆರಿಗೆ ಮುಗಿದ ಮೇಲೂ ಒಂದು ತುರ್ತು ಬರುತ್ತದೆ, ಅದಕ್ಕೆ ಊರಿನ ಡಾಕ್ಟರೇ ಸರಿ. ಮರಿ ಹಾಕಿ ಎರಡು ಮೂರು ವಾರಕ್ಕೆ, ಹಾಲು ಜೋರಾಗಿ ಇಳಿಯುವಾಗ, ಸಣ್ಣ ತಳಿಯ ತಾಯಿ ನಡುಗಲು ಶುರು ಮಾಡುತ್ತೆ. ಕಾಲು ಸೆಟೆಯುತ್ತೆ, ಮೈ ಕಾದ ಹೆಂಚಿನ ಹಾಗೆ ಸುಡುತ್ತೆ. ಇದು ರಕ್ತದಲ್ಲಿ ಕ್ಯಾಲ್ಸಿಯಂ ಇಳಿದದ್ದು. 70 ಕಿಲೋಮೀಟರ್ ಹೋಗುವಷ್ಟು ಸಮಯ ಇರುವುದಿಲ್ಲ. ನಮ್ಮ ಡಾಕ್ಟರು ಒಂದು ಕೈಯಲ್ಲಿ ಸ್ಟೆತಸ್ಕೋಪ್ ಎದೆಗೆ ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟನ್ನು ನರಕ್ಕೆ ಹನಿ ಹನಿಯಾಗಿ ಬಿಟ್ಟರು. ಬಡಿತ ತಪ್ಪಿದರೆ ತಕ್ಷಣ ನಿಲ್ಲಿಸಬೇಕು, ಬೇಗ ಬಿಟ್ಟರೆ ಹೃದಯವೇ ನಿಲ್ಲಬಹುದು. ಅರ್ಧ ಗಂಟೆಯಲ್ಲಿ ನಾಯಿ ಎದ್ದು ಕೂತಿತು. ಖರ್ಚು 1,500 ರೂಪಾಯಿ. ಗಬ್ಬವಿರುವಾಗಲೇ ಕ್ಯಾಲ್ಸಿಯಂ ಟಾನಿಕ್ ಕುಡಿಸಿದರೆ ಒಳ್ಳೆಯದು ಅಂತ ತುಂಬಾ ಜನ ನಂಬಿದ್ದಾರೆ. ಅದು ಉಲ್ಟಾ ಹೊಡೆಯುತ್ತೆ. ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಅಭ್ಯಾಸ ದೇಹಕ್ಕೆ ತಪ್ಪಿ, ಹಾಲೂಡುವಾಗ ಈ ನಡುಕ ಬರುವ ಸಾಧ್ಯತೆ ಹೆಚ್ಚುತ್ತದೆ.

ಮರಿ ಮಾರಿ ಈ ಖರ್ಚು ತೆಗೆಯುತ್ತೇನೆ ಅನ್ನುವವರು 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳನ್ನು ಓದಲಿ. 18 ತಿಂಗಳು ತುಂಬದ ಹೆಣ್ಣಿಗೆ ಕ್ರಾಸಿಂಗ್ ಮಾಡಿಸುವಂತಿಲ್ಲ, ಸತತ ಎರಡು ಬೆದೆಗೆ ಮಾಡಿಸುವಂತಿಲ್ಲ, ಜೀವಮಾನದಲ್ಲಿ ಐದು ಸೂಲು ದಾಟುವಂತಿಲ್ಲ, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಒಂದು ಸೂಲಿನ ನಷ್ಟವನ್ನು ಮುಂದಿನ ಬೆದೆಯಲ್ಲೇ ತುಂಬಿಕೊಳ್ಳಲು ಹೊರಟರೆ ಹೊಲಿಗೆ ಮಾಯ್ದ ಹೊಟ್ಟೆಗೇ ಮತ್ತೆ ಕತ್ತರಿ.

ಪಾವಗಡ, ಮಧುಗಿರಿ, ಶಿರಾ ಕಡೆಯವರಿಗೆ ನನ್ನ ಸಲಹೆ ಸ್ವಲ್ಪ ಬೇರೆ. ನಿಮಗೆ ತುಮಕೂರಿಗೆ ಬರುವುದೇ ಒಂದು ಪ್ರಯಾಣ. ಚಪ್ಪಟೆ ಮೂತಿಯ ನಾಯಿಯಾದರೆ ಕೊನೆಯ ವಾರ ತುಮಕೂರಿನ ನೆಂಟರ ಮನೆಯಲ್ಲಿ ತಂದಿಟ್ಟುಕೊಳ್ಳಿ. ಹೊಸ ಜಾಗಕ್ಕೆ ಒಗ್ಗಲು ಅದರದೇ ಹಾಸಿಗೆ, ಅದರದೇ ತಟ್ಟೆ ತನ್ನಿ. ಬಂದ ದಿನವೇ ಡಾಕ್ಟರಿಗೆ ಎಕ್ಸ್‌ರೇ ತೋರಿಸಿ, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕೇಳಿ ಬರೆದಿಟ್ಟುಕೊಳ್ಳಿ.