ಲೈಬ್ರರಿ ಟೂರ್, ಚಾಟ್, ಅಪಾಯಿಂಟ್‌ಮೆಂಟ್: ನನಗೆ ಕೈಹಿಡಿದದ್ದು ಯಾವುದು?

ವಿದೇಶಕ್ಕೆ ಓದಲು ಹೋದ ಮೊದಲ ಸೆಮಿಸ್ಟರ್‌ನಲ್ಲೇ ಒಂದು ಲೇಖನಕ್ಕೆ ಕೈಯಿಂದ ದುಡ್ಡು ಹಾಕಿದೆ. ಅದೇ ಲೇಖನ ಯೂನಿವರ್ಸಿಟಿ ಲೈಬ್ರರಿಯ ಲಾಗಿನ್‌ನಲ್ಲಿ ಪುಕ್ಕಟೆ ಸಿಗುತ್ತಿತ್ತು. ಅದನ್ನು ತೋರಿಸಿಕೊಟ್ಟವರು ನಮ್ಮ ವಿಭಾಗದ ಲೈಬ್ರರಿಯನ್. ಹಾಗಾಗಿ ಲೈಬ್ರರಿ ಸುತ್ತಿಸಿ ತೋರಿಸುವ ಟೂರ್, ಆನ್‌ಲೈನ್ ಚಾಟ್, ಲೈಬ್ರರಿಯನ್ ಜೊತೆ ಸಮಯ ಗೊತ್ತುಮಾಡಿಕೊಂಡು ಕೂರುವ ಅಪಾಯಿಂಟ್‌ಮೆಂಟ್, ಈ ಮೂರರಲ್ಲಿ ನನ್ನ ಓಟು ಅಪಾಯಿಂಟ್‌ಮೆಂಟ್‌ಗೇ.

ಟೂರ್ ಮೊದಲ ವಾರ ಇರುತ್ತದೆ. ಪ್ರಿಂಟರ್ ಎಲ್ಲಿದೆ ಅಂತ ತಿಳಿಯಿತು, ಬೇರೇನೂ ತಲೆಯಲ್ಲಿ ಉಳಿಯಲಿಲ್ಲ.

ಚಾಟ್ ನನಗೆ ಮೊದಲು ತುಂಬಾ ಹಿಡಿಸಿತ್ತು. ಇಂಗ್ಲಿಷ್‌ನಲ್ಲಿ ಮಾತಾಡಲು ಅಳುಕುವವರಿಗೆ ನಿಧಾನವಾಗಿ ಟೈಪ್ ಮಾಡುವುದು ಸಲೀಸು, ಅಲ್ವಾ? ತೊಡಕು ಬಂದದ್ದು ರಾತ್ರಿ. ನಮ್ಮಲ್ಲಿಲ್ಲದ ಒಂದು ಪುಸ್ತಕವನ್ನು ಬೇರೆ ಲೈಬ್ರರಿಯಿಂದ ತರಿಸಲು ಇಂಟರ್‌ಲೈಬ್ರರಿ ಲೋನ್ ಅರ್ಜಿ ಹಾಕಿದ್ದೆ, ಅದು ಎಲ್ಲಿಗೆ ಬಂತು ಅಂತ ಕೇಳಿದೆ. ಆ ಕಡೆಯವರು ಪ್ರೀತಿಯಿಂದಲೇ ಮಾತಾಡಿದರು, ಆದರೆ ಅವರು ಬೇರೆ ಯೂನಿವರ್ಸಿಟಿಯವರು. ಎಷ್ಟೋ ಲೈಬ್ರರಿಗಳು ರಾತ್ರಿಯ ಚಾಟನ್ನು ಹೀಗೆ ಹಂಚಿಕೊಂಡು ನಡೆಸುತ್ತವೆ. ನನ್ನ ಖಾತೆ ಅವರಿಗೆ ಕಾಣುವುದೇ ಇಲ್ಲ. ಬೆಳಿಗ್ಗೆ ಕೇಳಿ ಅಂದರು.

ಇನ್ನೊಂದು ಸಲ "ಲೇಖನ ತೆರೆಯುತ್ತಿಲ್ಲ" ಅಂತ ಬರೆದೆ. ಯಾವ ಡೇಟಾಬೇಸ್ ಅಂತ ಕೇಳಿದರು. ಡೇಟಾಬೇಸ್ ಅಂದರೆ ಲೇಖನಗಳನ್ನು ಹುಡುಕುವ ಆನ್‌ಲೈನ್ ಸಂಗ್ರಹ ಅನ್ನುವುದೇ ನನಗೆ ಆಗ ಗೊತ್ತಿರಲಿಲ್ಲ, ಅದನ್ನು ಕೇಳಲೂ ಸಂಕೋಚವಾಗಿ ಸುಮ್ನೆ ಚಾಟ್ ಮುಚ್ಚಿಬಿಟ್ಟೆ. ಹೊಸಬರಿಗೆ ನಿಜವಾದ ಕಷ್ಟ ಇದು. ಏನು ಕೇಳಬೇಕು ಅಂತ ಮೊದಲೇ ತಿಳಿದಿದ್ದರೆ ಮಾತ್ರ ಚಾಟ್ ಕೆಲಸಕ್ಕೆ ಬರುತ್ತದೆ.

ಅಪಾಯಿಂಟ್‌ಮೆಂಟ್‌ನಲ್ಲಿ ಲೈಬ್ರರಿಯನ್ ಪಕ್ಕದಲ್ಲಿ ಕೂತು "ನೀವು ಹೇಗೆ ಹುಡುಕುತ್ತೀರೋ ಹಾಗೇ ಹುಡುಕಿ" ಅಂದರು. ನಾನು ಇಡೀ ಪ್ರಶ್ನೆಯನ್ನೇ ಟೈಪ್ ಮಾಡುತ್ತಿದ್ದೆ. ಮುಖ್ಯ ಪದಗಳನ್ನು ಬಿಡಿಸಿ ನಡುವೆ 'ಆ್ಯಂಡ್', 'ಆರ್' ಹಾಕುವುದು, ಜೋಡಿಪದಕ್ಕೆ ಉದ್ಧರಣ ಚಿಹ್ನೆ ಕೊಡುವುದು, ಎಲ್ಲ ಮಾಡಿಸಿಯೇ ಕಲಿಸಿದರು. ಉಲ್ಲೇಖಪಟ್ಟಿಯಲ್ಲಿ ಲೇಖಕರ ಹೆಸರು ಹೇಗೆ ಬರೆಯಬೇಕು ಅನ್ನುವ ಗೊಂದಲವೂ ಅಲ್ಲೇ ಬಗೆಹರಿಯಿತು. ಉಲ್ಲೇಖ ಬರೆಯುವ ಶೈಲಿಗಳಲ್ಲಿ ಒಂದಾದ ಎಪಿಎಯ, 2019ರಲ್ಲಿ ಬಂದ 7ನೇ ಆವೃತ್ತಿಯಂತೆ ಮನೆತನದ ಹೆಸರು ಮೊದಲು, ಆಮೇಲೆ ಇನಿಷಿಯಲ್. ಲೇಖಕರಿಗೆ ಮನೆತನದ ಹೆಸರಿಲ್ಲದೆ ಒಂದೇ ಒಂದು ಹೆಸರಿದ್ದರೆ ಅದನ್ನು ಇದ್ದ ಹಾಗೇ ಬರೆಯಬೇಕು, ಇನಿಷಿಯಲ್‌ಗೆ ಇಳಿಸಬಾರದು. ನಾನು ಹಾಗೆ ಇಳಿಸಿ ಬರೆದಿದ್ದೆ!

ಒಂದೇ ಕೊರತೆ, ಪರೀಕ್ಷೆ ಹತ್ತಿರ ಬಂದಾಗ ಸಮಯ ಸಿಗುವುದಿಲ್ಲ. ನಾನೀಗ ಅಸೈನ್‌ಮೆಂಟ್ ಕೈಗೆ ಬಂದ ದಿನವೇ ಬುಕ್ ಮಾಡುತ್ತೇನೆ. ಸಣ್ಣಪುಟ್ಟದ್ದಕ್ಕೆ ಹಗಲಿನ ಚಾಟ್ ಸಾಕು. ಲೇಖನಕ್ಕೆ ದುಡ್ಡು ಕೇಳುವ ಪುಟ ಬಂದರೆ ಮಾತ್ರ ಕಾರ್ಡ್ ತೆಗೆಯಬೇಡಿ, ಲೈಬ್ರರಿಯವರನ್ನು ಕೇಳಿ.