ಎರಡು ಮಳೆಗಾಲ ಕಂಡ ಎಸ್‌ಕ್ಯೂಎಂ ರೌಟರ್: ನನ್ನ ಅನುಭವ

ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್) ಎಂದರೆ ಇಂಟರ್ನೆಟ್ ಲೈನಿನಲ್ಲಿ ಸಾಲುಗಟ್ಟುವ ಡೇಟಾವನ್ನು ರೌಟರ್ ಅಂಕೆಯಲ್ಲಿಡುವ ವ್ಯವಸ್ಥೆ. ಸೋಮವಾರಪೇಟೆ ಕಡೆಯ ನಮ್ಮ ಮನೆಗೆ ಇನ್ನೂ ಫೈಬರ್ ಬಂದಿಲ್ಲ. ಹಂಚಿನ ಮಾಡಿಗೆ ಆಂಟೆನಾ ಕಟ್ಟಿ, 4ಜಿ ಸಿಮ್ಮಿನಲ್ಲೇ ಎಲ್ಲ ನಡೆಯಬೇಕು. ಸಂಜೆ 7ಕ್ಕೆ ನಾನು ಆನ್‌ಲೈನಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅದೇ ಹೊತ್ತಿಗೆ ತಮ್ಮ ತೋಟದಿಂದ ಬರುತ್ತಾನೆ, ಅವನ ಫೋನು ಆವತ್ತಿನ ಫೋಟೊಗಳನ್ನೆಲ್ಲ ಕ್ಲೌಡಿಗೆ ಏರಿಸಲು ಶುರುಮಾಡುತ್ತದೆ. "ಮಿಸ್, ನಿಮ್ಮ ವಾಯ್ಸ್ ಕಟ್ ಆಗ್ತಿದೆ!" ಪಿಂಗ್, ಅಂದರೆ ಒಂದು ಸಣ್ಣ ಸಂದೇಶ ಹೋಗಿಬರಲು ಹಿಡಿಯುವ ಹೊತ್ತು, ನೋಡಿದರೆ 50 ಇದ್ದದ್ದು 1,400 ಮಿಲಿಸೆಕೆಂಡು.

ವೇಗ ಸಾಲದು ಎಂದುಕೊಂಡು ದುಬಾರಿ ಪ್ಯಾಕ್ ಹಾಕಿಸಿದೆ, ದುಡ್ಡು ದಂಡವಾಯಿತು. ತೊಂದರೆ ಇದ್ದದ್ದು ಬಫರಿನಲ್ಲಿ, ಅಂದರೆ ಡೇಟಾ ತನ್ನ ಸರದಿಗೆ ಕಾಯುವ ಜಾಗದಲ್ಲಿ. ಪ್ಯಾಕೆಟ್ (ಡೇಟಾದ ಒಂದು ತುಣುಕು) ಕಳೆದುಹೋಗುವವರೆಗೂ ಟಿಸಿಪಿ, ಅಂದರೆ ಡೇಟಾ ಕಳಿಸುವ ನಿಯಮಾವಳಿ, ಸಾಮಾನ್ಯವಾಗಿ ವೇಗ ಏರಿಸುತ್ತಲೇ ಹೋಗುತ್ತದೆ. ಬಫರ್ ದೊಡ್ಡದಿದ್ದರೆ ಏನೂ ಕಳೆಯುವುದಿಲ್ಲ, ಎಲ್ಲವೂ ಸಾಲುಗಟ್ಟಿ ನಿಲ್ಲುತ್ತದೆ. ಸಂಪಾಜೆ ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡ ಬೈಕಿನ ಹಾಗೆ ನನ್ನ ಮಾತು ಫೋಟೊಗಳ ಹಿಂದೆ ನಿಂತಿರುತ್ತಿತ್ತು.

ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೌಟರ್ ಸಾಫ್ಟ್‌ವೇರ್ ಹಾಕಿದ್ದ ಸೆಕೆಂಡ್‌ಹ್ಯಾಂಡ್ ರೌಟರ್ 1,800 ರೂಪಾಯಿಗೆ ಸಿಕ್ಕಿತು. ಅದರ ಎಸ್‌ಕ್ಯೂಎಂನಲ್ಲಿರುವುದು ಕೋಡೆಲ್ ವಿಧಾನ, 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೊಟ್ಟದ್ದು. ಸಾಲು ಎಷ್ಟು ಉದ್ದ ಎಂದು ಅದು ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. 100 ಮಿಲಿಸೆಕೆಂಡಿನುದ್ದಕ್ಕೂ ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಒಂದು ಪ್ಯಾಕೆಟನ್ನು ಬಿಸಾಡುತ್ತದೆ. ಫೋನು ಅದನ್ನು ಮತ್ತೆ ಕಳಿಸುತ್ತದೆ, ಜೊತೆಗೆ ನಿಧಾನವನ್ನೂ ಮಾಡುತ್ತದೆ. ಫೋಟೊ ಪೂರ್ತಿಯಾಗಿಯೇ ತಲುಪುತ್ತದೆ. ಮೇಲಾಗಿ ನನ್ನ ಮಾತಿಗೆ ಬೇರೆಯೇ ಸಾಲು.

ಆ ಬೇಸಿಗೆಯಲ್ಲಿ ಭಾನುವಾರದ ಬೆಳಗು ನನಗೆ ಬಹಳ ಇಷ್ಟವಾಗಿತ್ತು. ಮನೆಯವರು ಏಳುವ ಮೊದಲೇ ಬೆಲ್ಲದ ಕಾಫಿ ಮಾಡಿಕೊಂಡು ಕಿಟಕಿಕಟ್ಟೆಯಲ್ಲಿ ಕೂರುವುದು, ಮೂರು ಸಲ ಸ್ಪೀಡ್ ಟೆಸ್ಟ್, ಮೂರರಲ್ಲಿ ಕಡಿಮೆ ಬಂದದ್ದನ್ನು ಇನ್ನೂ ಸ್ವಲ್ಪ ತಗ್ಗಿಸಿ ರೌಟರಿಗೆ ವೇಗದ ಮಿತಿಯಾಗಿ ಕೊಡುವುದು. ಹಾಗಿದ್ದರೆ ಮಾತ್ರ ಸಾಲು ರೌಟರಿನೊಳಗೇ ಕಟ್ಟಿ, ಎಸ್‌ಕ್ಯೂಎಂ ಕೈಗೆ ಸಿಗುತ್ತದೆ. ಕ್ಯಾಲೆಂಡರ್ ಹಾಳೆ ಹರಿದು "ಇಳಿಕೆ 15, ಏರಿಕೆ 5" ಎಂದು (ಡೌನ್‌ಲೋಡ್, ಅಪ್‌ಲೋಡ್ ಮಿತಿ, ಎಂಬಿಪಿಎಸ್ ಲೆಕ್ಕದಲ್ಲಿ) ಬರೆದು ರೌಟರಿನ ನೆತ್ತಿಗೆ ಅಂಟಿಸಿದ್ದೆ. ಪಿಂಗ್ 80 ದಾಟುತ್ತಿರಲಿಲ್ಲ.

ಜೂನ್ ಬಂತು, ಸಿಟ್ಟೂ ಬಂತು. ಮಳೆ ಹಿಡಿದರೆ ನಮ್ಮಲ್ಲಿ ಲೈನ್ 4ಕ್ಕೆ ಇಳಿಯುತ್ತದೆ. ರೌಟರಿಗೆ 15 ಎಂದು ಹೇಳಿಟ್ಟರೆ ಸಾಲು ಅದರೊಳಗೆ ಕಟ್ಟುವುದೇ ಇಲ್ಲ, ಟವರಿನ ಕಡೆ ಕಟ್ಟುತ್ತದೆ. ಎಸ್‌ಕ್ಯೂಎಂ ಇದ್ದೂ ಇಲ್ಲದಂತೆ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಒಂದು ಸಂಜೆ ಪಾಠದ ನಡುವೆ ಮೂರು ಸಲ ಎದ್ದು ಅಂಕಿ ಬದಲಿಸಿದೆ. ಬೋರ್ಡಿನ ಮೇಲೆ ಅರ್ಧ ಬಿಡಿಸಿದ ಸಮೀಕರಣ, ಆ ಕಡೆ ಮಕ್ಕಳು ಸುಮ್ಮನೆ ಕಾಯುವುದು. ಯಾವಾಗಲೂ 3ಕ್ಕೇ ಇಟ್ಟರೆ ಒಳ್ಳೆಯ ದಿನದ ಲೈನ್ ಪೋಲು. ಆ ತಿಂಗಳಾದರೆ ಈ ರೌಟರಿಗೆ ಎರಡೇ ಸ್ಟಾರ್ ಕೊಡುತ್ತಿದ್ದೆ.

ಎರಡನೆಯ ಮಳೆಗಾಲಕ್ಕೆ ಕೇಕ್-ಆಟೊರೇಟ್ ಎಂಬ ಸ್ಕ್ರಿಪ್ಟ್ (ರೌಟರಿನಲ್ಲಿ ತಾನೇ ಓಡುವ ಪುಟ್ಟ ಪ್ರೋಗ್ರಾಂ) ಹಾಕಿದೆ. ಹೊರಗಿನ ಸರ್ವರುಗಳಿಗೆ ಪಿಂಗ್ ಕಳಿಸುತ್ತಾ, ತಡ ಹೆಚ್ಚಿದ ಕೂಡಲೇ ಮಿತಿ ಇಳಿಸುತ್ತದೆ, ಸಲೀಸಾಗಿದ್ದರೆ ಏರಿಸುತ್ತದೆ. ಲೈನ್ ಥಟ್ಟನೆ ಬಿದ್ದಾಗ ಒಂದೆರಡು ಪದ ನುಂಗುವುದುಂಟು, ಅಷ್ಟೇ. ಹಾಳೆಯಲ್ಲೀಗ ಕನಿಷ್ಠ, ನಡು, ಗರಿಷ್ಠ ಅಂತ ಮೂರು ಅಂಕಿ. ಜುಲೈಯಿಂದ ಅದನ್ನು ತಿದ್ದಿಲ್ಲ. ಇಂದು ಕೇಳಿದರೆ ನಾಲ್ಕು ಸ್ಟಾರ್.

ಫೈಬರ್ ಇರುವವರಿಗೆ ಈ ಸ್ಕ್ರಿಪ್ಟ್ ಬೇಕಿಲ್ಲ, ಬರೀ ಎಸ್‌ಕ್ಯೂಎಂ ಸಾಕು. ನಮ್ಮಂಥ 4ಜಿಯವರು ಒಂದು ವಿಷಯ ಗಮನಿಸಿ: ಲೈನ್ ಬಳಕೆಯಲ್ಲಿರುವಷ್ಟು ಹೊತ್ತೂ ಆ ಪಿಂಗ್‌ಗಳು ದಿನದ ಡೇಟಾದಿಂದಲೇ ಖರ್ಚಾಗುತ್ತವೆ. ನಾನು ಮಳೆಗಾಲದ ನಾಲ್ಕು ತಿಂಗಳು ಮಾತ್ರ ದೊಡ್ಡ ಪ್ಯಾಕ್ ಹಾಕಿಸಿಕೊಳ್ಳುತ್ತೇನೆ.