ಪುಕ್ಕಟೆ ಸಿಗೋ ಸಾಫ್ಟ್‌ವೇರ್‌ಗೆ 4,500 ಕೊಟ್ಟೆ, ನೀವು ಕೊಡಬೇಡಿ

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಯಾರಾದರೂ "ಲೆಗೋ ಥರದ ಆಟದ ಪ್ಲಾಸ್ಟಿಕ್ ಇಟ್ಟಿಗೆ ಪಾರ್ಟ್ ಡಿಸೈನ್ ಮಾಡೋ ಸಾಫ್ಟ್‌ವೇರ್ ಇದೆ ಸಾರ್, ಲೈಫ್‌ಟೈಮ್ ಲೈಸೆನ್ಸ್" ಅಂತ ಬಂದರೆ ಜೇಬಿಗೆ ಕೈ ಹಾಕಬೇಡಿ. ಮೊದಲು ಇದನ್ನು ಓದಿ. ನಾನು ಒಟ್ಟು 6,500 ಕಳೆದುಕೊಂಡಿದ್ದೇನೆ. ಸಾಫ್ಟ್‌ವೇರ್‌ಗೆ 4,500, ಒಂದು ಪಾರ್ಟ್ ಮಾಡಿಸಲು 2,000. ಆ ಪಾರ್ಟನ್ನು ಪ್ಲಾಸ್ಟಿಕ್ಕಿನಲ್ಲಿ 3ಡಿ ಪ್ರಿಂಟ್ ಹಾಕಿಸಿದ್ದು ಬೇರೆ. ಮನೆಯಲ್ಲಿ ಮಾತ್ರ 3,000 ಅಂತ ಹೇಳಿದ್ದೇನೆ. ನನ್ನ ಹೆಂಡತಿ ಇಂಥದ್ದೆಲ್ಲ ಓದುವುದಿಲ್ಲ, ಅದೊಂದು ಧೈರ್ಯ.

ಆಗಿದ್ದು ಹೀಗೆ. ಮಗಳು ಎಂಟನೇ ಕ್ಲಾಸು. ಇಬ್ಬರಿಗೂ ಇಟ್ಟಿಗೆ ಜೋಡಿಸುವ ಹುಚ್ಚು. ಅವಳಿಗಿಂತ ನನಗೇ ಜಾಸ್ತಿ ಅನ್ನಿ. ಒಂದು ಭಾನುವಾರ ಕೋರವಂಗಲದ ಬೂಚೇಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. 1173ರ ಹೊಯ್ಸಳ ಗುಡಿ, ಹಾಸನದ ಪಕ್ಕದಲ್ಲೇ ಇದ್ದರೂ ಅವತ್ತು ನಾವು ಬಿಟ್ಟರೆ ಒಂದು ನಾಯಿ ಇತ್ತು. ಒಳಗೆ ಬುಗುರಿ ಕಡೆದ ಹಾಗೆ ನುಣ್ಣಗೆ ಕಡೆದ ಕಂಬಗಳು ಇವೆಯಲ್ಲ, ಅದನ್ನು ನೋಡಿ "ಅಪ್ಪಾ, ಇದನ್ನು ಇಟ್ಟಿಗೇಲಿ ಕಟ್ಟೋಣ" ಅಂದಳು. ಗೋಡೆ ಹೇಗೋ ಕಟ್ಟಬಹುದು. ಆ ಗಂಟೆಯಾಕಾರದ ಕಂಬ ಮಾತ್ರ ಬರುವುದಿಲ್ಲ. ದುಂಡನೆ ಇಟ್ಟಿಗೆ ಒಂದರ ಮೇಲೊಂದು ಇಟ್ಟರೆ ನೀರಿನ ಪೈಪ್ ಥರ ಕಾಣುತ್ತದೆ. ಅದಕ್ಕೆ ಹೊಸ ಪಾರ್ಟೇ ಡಿಸೈನ್ ಆಗಬೇಕು.

ಅದೇ ಟೈಮಿಗೆ ಬಾಮೈದ ಒಂದು ವಾಟ್ಸಾಪ್ ಸ್ಟೇಟಸ್ ಕಳಿಸಿದ. ಊರಿನಲ್ಲೇ ಒಬ್ಬರು ಇದನ್ನೆಲ್ಲ ಮಾಡಿಕೊಡುತ್ತಾರೆ, ಕ್ಲಾಸೂ ತಗೋತಾರೆ ಅಂತ. ಹೋದೆ. ಮಹಡಿ ಮೇಲೆ ಚಿಕ್ಕ ರೂಮು, ಎರಡು ಕಂಪ್ಯೂಟರ್. ಕೂರಿಸಿ ಕಾಫಿ ತರಿಸಿದರು. ಪರದೆ ಮೇಲೆ ಕೆಂಪು ಇಟ್ಟಿಗೆ ಎಳೆದು ತಂದು ಟಕ ಟಕ ಅಂತ ಒಂದು ಮನೆ ಕಟ್ಟಿ ತೋರಿಸಿದರು. ಸಾವಿರಾರು ಪಾರ್ಟು, ಒಂದೊಂದನ್ನೂ ತಿರುಗಿಸಿ ನೋಡಬಹುದು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಇಷ್ಟೂ ಪಾರ್ಟ್ ಎಲ್ಲಿಂದ ಬಂತು?" ಅಂತ ಕೇಳಿದೆ. ಕೇಳಿದ್ದೆ, ಅದೇ ಬೇಜಾರು.

"ನಮ್ಮ ಹುಡುಗರೇ ಎರಡು ವರ್ಷ ಕೂತು ಮಾಡಿದ್ದು ಸಾರ್."

ಪಕ್ಕದಲ್ಲಿದ್ದ ಹುಡುಗ ತಲೆ ಬಗ್ಗಿಸಿಕೊಂಡು ಮೊಬೈಲ್ ನೋಡುತ್ತಿದ್ದ. ಅವನೇ ಇರಬೇಕು ಅಂದುಕೊಂಡು ಅವನ ಕಡೆ ನೋಡಿ "ಭೇಷ್" ಅಂದೆ ನಾನು! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಒಂದು ಪೆನ್‌ಡ್ರೈವ್, ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆದ "ಲೈಸೆನ್ಸ್ ಕೀ". ಬಿಲ್ ಕೇಳಿದ್ದಕ್ಕೆ "ಜಿಎಸ್‌ಟಿ ಸೇರಿಸಿದರೆ ನಿಮಗೇ ಜಾಸ್ತಿ ಆಗುತ್ತೆ ಸಾರ್" ಅಂದರು. ಅಲ್ಲೇ ಎದ್ದು ಬರಬೇಕಿತ್ತು. ಯುಪಿಐನಲ್ಲಿ ಹಾಕಿದೆ. ಕಂಬದ ಪಾರ್ಟ್‌ಗೆ ಇನ್ನೂ 2,000, ಅದೂ ಪೂರ್ತಿ ಅಡ್ವಾನ್ಸು. ಗಾರೆ ಕೆಲಸದವರಿಗೂ ಅರ್ಧ ಮೊದಲು ಅರ್ಧ ಆಮೇಲೆ ಅಂತಲೇ ಕೊಡುವ ನನಗೆ ಅವತ್ತು ಏನಾಗಿತ್ತೋ.

ಒಂದು ವಾರ ಅಂದಿದ್ದು ಐದು ವಾರ ಆಯಿತು. ಫೋನ್ ಮಾಡಿದರೆ "ಹಾಸನಾಂಬ ದರ್ಶನ ಮುಗೀಲಿ ಸಾರ್, ಮನೆ ತುಂಬ ನೆಂಟರು." ದೇವಸ್ಥಾನದ ಬಾಗಿಲು ಹಾಕಿ ಆದ ಮೇಲೆ "ಸಿಸ್ಟಮ್ ಹೋಗಿತ್ತು ಸಾರ್." ಕೊನೆಗೆ ಫೈಲ್ ಬಂತು. ತೆರೆದರೆ ಕಂಬ ತಲೆಕೆಳಗಾಗಿ ನೇತಾಡುತ್ತಿದೆ. ಕೇಳಿದ್ದಕ್ಕೆ ಬಂದ ಉತ್ತರ: "ತಿರುಗಿಸ್ಕೊಳಿ ಸಾರ್."

ತಿರುಗಿಸಿಕೊಂಡೆ. ಪ್ರಿಂಟ್ ಹಾಕಿಸಿದೆ. ಪೊಟ್ಟಣ ಬಿಚ್ಚಿ ಮಗಳು ನಮ್ಮ ಇಟ್ಟಿಗೆಯ ಪಕ್ಕ ಇಟ್ಟಳು. ತಳ ಒಂದು ಇಡ್ಲಿ ಅಷ್ಟು ಇತ್ತು. ಅವಳು ನಗಲೂ ಇಲ್ಲ. "ಇದು ಕೂರಲ್ಲ ಅಲ್ವಾ ಅಪ್ಪ" ಅಂತ ಅಂದು ಒಳಗೆ ಹೋದಳು.

ವರ್ನಿಯರ್ ಹಿಡಿದು ಅಳೆದೆ. ಎರಡು ಬೈ ಎರಡರ, ಅಂದರೆ ಎರಡು ಸಾಲಿನಲ್ಲಿ ಎರಡೆರಡು ಗುಬ್ಬಿ (ಇಟ್ಟಿಗೆ ಮೇಲಿನ ದುಂಡನೆ ಉಬ್ಬು) ಹಿಡಿಯುವ ತಳ 16 ಮಿಲಿಮೀಟರ್ ಇರಬೇಕು, 40 ಇದೆ. ಗುಬ್ಬಿಯ ಅಗಲ 4.8 ಇರಬೇಕು, 12 ಇದೆ. ಎಲ್ಲವೂ ಸರಿಯಾಗಿ ಎರಡೂವರೆ ಪಟ್ಟು. ಅವರಿಗೆ ಹೇಳಿದೆ. "ಪ್ರಿಂಟರ್ ಪ್ರಾಬ್ಲಂ ಸಾರ್, ನಮ್ಮ ಫೈಲ್ ಪರ್ಫೆಕ್ಟ್ ಇದೆ." ಪ್ರಿಂಟ್ ಹಾಕಿದ ಪಾಪದ ಹುಡುಗನ ಜೊತೆ ನಾನು ಸುಮ್ನೆ ಜಗಳ ಆಡಿ ಬಂದೆ. ಆಮೇಲೆ ಹೋಗಿ ಕ್ಷಮೆ ಕೇಳಿದ್ದೂ ಆಯಿತು.

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ. ಶನಿವಾರ ಊರಿಗೆ ಬಂದವನನ್ನು ಕೂರಿಸಿದೆ. ಅವನು ಮೊದಲು ಆ ಕಾರ್ಡ್ ತಿರುಗಿಸಿ ನೋಡಿ "ಮಾವ, ಇದು ಲೈಸೆನ್ಸ್ ಕೀ ಅಲ್ಲ, ಜಿಪ್ ಫೈಲಿನ ಪಾಸ್‌ವರ್ಡ್" ಅಂದ. ಅಷ್ಟಕ್ಕೇ ನನಗೆ ಬೆವರು ಬಂತು.

ಆಮೇಲೆ ಅಳತೆ ನೋಡೋಣ ಅಂತ ಪಾರ್ಟ್‌ಗಳ ಫೋಲ್ಡರ್ ತೆಗೆದು, ಮಾಮೂಲಿ ಎರಡು ಬೈ ನಾಲ್ಕರ ಇಟ್ಟಿಗೆಯ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದ. ಅದರ ನಂಬರು 3001. ಚಿತ್ರ ಏನೂ ಇಲ್ಲ, ಬರೀ ಅಕ್ಷರ ಮತ್ತು ಅಂಕಿ. ಈ ಫೈಲುಗಳೆಲ್ಲ ಹಾಗೇ ಅಂತೆ. ಸಾಲು 1ರಿಂದ ಶುರುವಾದರೆ ಇನ್ನೊಂದು ಫೈಲನ್ನು ಎಳೆದು ತಾ ಅಂತ, 2 ಅಂದರೆ ಗೆರೆ, 3 ತ್ರಿಕೋನ, 4 ನಾಲ್ಕು ಮೂಲೆ. ಸೊನ್ನೆಯಿಂದ ಶುರುವಾದರೆ ಅದು ಟಿಪ್ಪಣಿ. ಫೈಲಿನ ಶುರುವಿನಲ್ಲೇ ಸೊನ್ನೆಯ ಸಾಲುಗಳು. ಪಾರ್ಟಿನ ಹೆಸರು. ಅದರ ಕೆಳಗೆ ಫೈಲ್ ಹೆಸರು. ಅದರ ಕೆಳಗೆ ಮಾಡಿದವರ ಹೆಸರು: ಜೇಮ್ಸ್ ಜೆಸ್ಸಿಮನ್.

"ಯಾರು ಮಾವ ಇದು, ಅವರ ಹುಡುಗನಾ?"

ಮೊಬೈಲಿನಲ್ಲಿ ಹುಡುಕಿದೆವು. ಆಸ್ಟ್ರೇಲಿಯಾದವನು. 1995ರಲ್ಲಿ ಎಲ್‌ಡ್ರಾ ಅಂತ ಈ ಇಡೀ ಪದ್ಧತಿಯನ್ನೇ ಶುರು ಮಾಡಿದವನು. 1997ರಲ್ಲಿ ತೀರಿಕೊಂಡಿದ್ದಾನೆ. ಅವನಾದ ಮೇಲೆ ಜಗತ್ತಿನ ಎಲ್ಲೆಲ್ಲಿಯವರೋ ಬಿಡುವಿನಲ್ಲಿ ಕೂತು ಒಂದೊಂದೇ ಪಾರ್ಟ್ ಅಳೆದು ಬರೆದು ಸೇರಿಸಿದ್ದಾರೆ, ಬಿಟ್ಟಿಯಾಗಿ. ನಾವು ಬೇರೆ ಬೇರೆ ಫೈಲ್ ತೆರೆದು ನೋಡಿದೆವು. ಒಂದೊಂದರಲ್ಲಿ ಒಬ್ಬೊಬ್ಬರ ಹೆಸರು. ಯಾರು ಬೇಕಾದರೂ ಬಳಸಿ, ಆದರೆ ಮಾಡಿದವರ ಹೆಸರು ಹೇಳಿ ಅನ್ನುವ ಲೈಸೆನ್ಸ್ ಸಾಲೂ ಅಲ್ಲೇ ಇತ್ತು. ಎರಡು ವರ್ಷ ಕೂತ ಹುಡುಗರು! ತೀರಿಹೋದ ಮನುಷ್ಯನ ಕೆಲಸಕ್ಕೆ ಮೊಬೈಲ್ ನೋಡುತ್ತಿದ್ದ ಹುಡುಗನಿಗೆ "ಭೇಷ್" ಅಂದು ಬಂದಿದ್ದೆ ನಾನು.

ನಮ್ಮ ಕಂಬದ ಫೈಲ್ ತೆರೆದರೆ ಅದರಲ್ಲಿ ಮಾಡಿದವರ ಹೆಸರಿನ ಸಾಲೇ ಇಲ್ಲ. ನಿಜವಾಗಿ ಅವರೇ ಮಾಡಿದ್ದು ಅದೊಂದೇ.

ಎರಡೂವರೆ ಪಟ್ಟಿನ ಕಥೆಯೂ ಅಲ್ಲೇ ಗೊತ್ತಾಯಿತು. ಎಲ್‌ಡ್ರಾದಲ್ಲಿ ಒಂದು ಯೂನಿಟ್ ಅಂದರೆ 0.4 ಮಿಲಿಮೀಟರ್. ಗುಬ್ಬಿಯಿಂದ ಗುಬ್ಬಿಗೆ 20 ಯೂನಿಟ್, ಅಂದರೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 24 ಯೂನಿಟ್, ಅಂದರೆ 9.6. ಇವರು ಪ್ರಿಂಟಿಗೆ ಫೈಲ್ ತೆಗೆಯುವಾಗ ಒಂದು ಯೂನಿಟ್ ಅಂದರೆ ಒಂದು ಮಿಲಿಮೀಟರ್ ಅಂತ ಬಿಟ್ಟಿದ್ದಾರೆ. ತಲೆಕೆಳಗಾಗಿದ್ದಕ್ಕೂ ಕಾರಣ ಇದೆ. ಇದರಲ್ಲಿ ಎತ್ತರದ ಲೆಕ್ಕ ಉಲ್ಟಾ, ಮೇಲಕ್ಕೆ ಹೋದಷ್ಟೂ ಮೈನಸ್. ಈ ಕೆಲಸ ಕಲಿಯುವವನಿಗೆ ಮೊದಲ ದಿನ ಹೇಳಿಕೊಡುವ ಪಾಠ ಇವು. ಕ್ಲಾಸ್ ಬೇರೆ ತಗೋತಾರಂತೆ ಇವರು!

ಸೋಮವಾರ ನೇರ ಹೋದೆ. ಈ ಸಲ ಕಾಫಿ ಇಲ್ಲ.

"ಇದು ಫ್ರೀ ಸಾಫ್ಟ್‌ವೇರ್ ಅಂತಲ್ರೀ?"

"ಡೌನ್‌ಲೋಡ್ ಫ್ರೀ ಸಾರ್. ನಾಲೆಡ್ಜ್ ಫ್ರೀ ಅಲ್ಲ."

"ನಿಮ್ಮ ಹುಡುಗರು ಮಾಡಿದ್ದು ಅಂದ್ರಲ್ಲ?"

"ಸೆಟಪ್ ಮಾಡಿದ್ದು ಅಂತ ಹೇಳಿದ್ದು ಸಾರ್. ನೀವು ತಪ್ಪು ತಿಳ್ಕೊಂಡಿದೀರ."

"ದುಡ್ಡು ವಾಪಸ್ ಕೊಡಿ."

"ಸಾರ್, ನಲ್ಲಿ ನೀರೂ ಫ್ರೀ. ಬಾಟ್ಲಿ ನೀರಿಗೆ ಇಪ್ಪತ್ತು ರೂಪಾಯಿ ಕೊಡ್ತೀರ ತಾನೇ?"

ನನಗೆ ಬಾಯಿ ಕಟ್ಟಿಹೋಯಿತು. ನಿಜ ಹೇಳಬೇಕೆಂದರೆ ಒಂದು ಕ್ಷಣ ಹೌದಲ್ವಾ ಅನ್ನಿಸಿಬಿಟ್ಟಿತು. ಮೆಟ್ಟಿಲು ಇಳಿದು ಸ್ಕೂಟರ್ ಸ್ಟಾರ್ಟ್ ಮಾಡುವಾಗ ಉತ್ತರ ಹೊಳೆಯಿತು: ಬಾಟಲಿಯವನು ಮಳೆ ನಾನೇ ಸುರಿಸಿದ್ದು ಅನ್ನುವುದಿಲ್ಲವಲ್ಲ. ವಾಪಸ್ ಹತ್ತಿ ಹೋಗಿ ಹೇಳಲು ನಾಚಿಕೆಯಾಯಿತು. ಇಲ್ಲಿ ಹೇಳುತ್ತಿದ್ದೇನೆ.

ಮಾರಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. "ಇದು ಪುಕ್ಕಟೆ ಸಿಗುತ್ತೆ, ಹಾಕಿಕೊಟ್ಟು ಹೇಳಿಕೊಡೋಕೆ ನಮಗೆ 500 ಕೊಡಿ" ಅಂದಿದ್ದರೆ ಖುಷಿಯಿಂದ ಕೊಡುತ್ತಿದ್ದೆ. ಸುಳ್ಳು ಹೇಳಿದ್ದು ಉರಿ. ಪಾಸ್‌ವರ್ಡನ್ನು ಲೈಸೆನ್ಸ್ ಅಂದಿದ್ದು ಉರಿ. ಮಗಳ ಮುಂದೆ ಪೆದ್ದನಾಗಿದ್ದು ಎಲ್ಲಕ್ಕಿಂತ ಜಾಸ್ತಿ ಉರಿ.

ನಿಮಗೆ ಬೇಕಾದರೆ ಕೇಳಿ. ಇಟ್ಟಿಗೆ ಜೋಡಿಸಿ ಮಾದರಿ ಮಾಡಲು ಲಿಯೋಕ್ಯಾಡ್ ಇದೆ, ಪುಕ್ಕಟೆ. ಬ್ರಿಕ್‌ಲಿಂಕ್‌ನವರ ಸ್ಟುಡಿಯೋ ಇದೆ, ಅದೂ ಪುಕ್ಕಟೆ. ಹೊಸ ಪಾರ್ಟನ್ನೇ ಮಾಡಬೇಕು ಅಂದರೆ ಬ್ರಿಕ್‌ಲಿಂಕ್‌ನವರದ್ದೇ ಪಾರ್ಟ್ ಡಿಸೈನರ್, ಇಲ್ಲವಾದರೆ ಎಲ್‌ಡಿಪಾರ್ಟ್‌ಎಡಿಟರ್. ಎರಡಕ್ಕೂ ದುಡ್ಡಿಲ್ಲ. ಯಾರಿಂದಲಾದರೂ ಪಾರ್ಟ್ ಮಾಡಿಸಿದರೆ ಪೂರ್ತಿ ಅಡ್ವಾನ್ಸ್ ಕೊಡಬೇಡಿ, ಪ್ರಿಂಟ್ ಹಾಕಿಸುವ ಮೊದಲು ತಳದ ಅಳತೆ ಎಷ್ಟು ಮಿಲಿಮೀಟರ್ ಅಂತ ಕೇಳಿ. ತಡವರಿಸಿದರೆ ಎದ್ದು ಬನ್ನಿ. ಕಾಫಿ ಕೊಟ್ಟರೂ ಎದ್ದು ಬನ್ನಿ.

ಕಂಬವನ್ನು ಈಗ ಮಗಳೇ ಬರೆಯುತ್ತಿದ್ದಾಳೆ, ಅಕ್ಕನ ಮಗ ಫೋನಿನಲ್ಲಿ ಹೇಳಿಕೊಡುತ್ತಾನೆ. ಗಂಟೆಯ ಬಾಗು ಇನ್ನೂ ಸರಿ ಬಂದಿಲ್ಲ. ಫೈಲಿನ ಶುರುವಿನಲ್ಲಿ ಮಾಡಿದವರ ಹೆಸರಿನ ಸಾಲನ್ನು ಮಾತ್ರ ಎಲ್ಲಕ್ಕಿಂತ ಮೊದಲು ಬರೆದುಕೊಂಡಿದ್ದಾಳೆ.

ನಿನ್ನೆ ರಾತ್ರಿ ಆ ಮಹಾಶಯರಿಂದ ಮೆಸೇಜು: "ಸಾರ್, ಹೊಸ ವರ್ಷನ್ ಬಂದಿದೆ. ಹಳೇ ಕಸ್ಟಮರ್‌ಗೆ ಬರೀ 999." ನಂಬರ್ ಬ್ಲಾಕ್ ಮಾಡಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಬಾಮೈದನಿಗೆ ಕಳಿಸಿದ್ದೇನೆ. ಎರಡು ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.